ಗಾರ್ಡಿಲೂ

ಅಕ್ಕನ ಮಗಳು ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಓದುತ್ತಿದ್ದಾಳೆ. ಅವಳನ್ನು ನೋಡಲು ಹೋದಾಗ ಒಂದಿಡೀ ದಿನ ಹಳೇ ಊರಿನಲ್ಲೇ ಸುತ್ತಿದೆವು. ಕೋಟೆಯಿಂದ ಅರಮನೆ ಕಡೆಗೆ ಇಳಿಯುವ ಬೀದಿಗೆ ರಾಯಲ್ ಮೈಲ್ ಅಂತ ಹೆಸರು. ಅದರ ಎರಡೂ ಪಕ್ಕ ಕಡಿದಾದ ಸಂದಿಗಳಿವೆ. ಅಲ್ಲಿನವರು ಅವನ್ನು ಕ್ಲೋಸ್ ಅನ್ನುತ್ತಾರೆ. ಅಡ್ವೊಕೇಟ್ಸ್ ಕ್ಲೋಸ್ ಒಳಗೆ ನಿಂತು ತಲೆ ಎತ್ತಿದರೆ ಎತ್ತರದ ಗೋಡೆಗಳ ನಡುವೆ ಒಂದಿಷ್ಟು ಆಕಾಶ, ಅಷ್ಟೇ.

ಗೈಡ್ ಅಲ್ಲೇ ನಿಂತು ಜೋರಾಗಿ "ಗಾರ್ಡಿಲೂ!" ಅಂತ ಕೂಗಿದ. ಎಲ್ಲರೂ ನಕ್ಕರು. 18ನೇ ಶತಮಾನದಲ್ಲಿ ರಾತ್ರಿ 10 ಹೊಡೆದ ಮೇಲೆ ಮೇಲಿನ ಮನೆಗಳಿಂದ ಈ ಕೂಗು ಬರುತ್ತಿತ್ತು. ಅದರ ಹಿಂದೆಯೇ ಮುಸುರೆ ನೀರು, ಮಲಮೂತ್ರ ಎಲ್ಲ ಕಿಟಕಿಯಿಂದ ಬೀದಿಗೆ. ಕೆಳಗಿದ್ದವರು "ಹಾಡ್ ಯರ್ ಹಾನ್" ಅಂತ ತಿರುಗಿ ಕೂಗುತ್ತಾ ಓಡಬೇಕು. ಸ್ವಲ್ಪ ಕೈ ತಡೀರಿ ಅಂತ ಅರ್ಥ. 1773ರಲ್ಲಿ ಈ ಊರಿಗೆ ಬಂದ ಇಂಗ್ಲಿಷ್ ಲೇಖಕ ಸ್ಯಾಮ್ಯುಯೆಲ್ ಜಾನ್ಸನ್, ಕತ್ತಲಲ್ಲೂ ನಿಮ್ಮ ವಾಸನೆ ಹೊಡೆಯುತ್ತೆ ಅಂತ ಜೊತೆಗಿದ್ದ ಇದೇ ಊರಿನ ಗೆಳೆಯ ಬಾಸ್ವೆಲ್‌ಗೆ ಗೊಣಗಿದ್ದನಂತೆ.

ಪದದ ಮೂಲ ಫ್ರೆಂಚ್. ಸರಿಯಾದ ಫ್ರೆಂಚಿನಲ್ಲಿ "ಗಾರ್ ಲೋ" ಅನ್ನಬೇಕು, ನೀರು ಬರ್ತಿದೆ, ಹುಷಾರು ಅಂತ. ಸ್ಕಾಟರ ಬಾಯಲ್ಲಿ ಅದು "ಗಾರ್ ದ ಲೋ" ಆಗಿ ಗಾರ್ಡಿಲೂಗೆ ಬಂದು ನಿಂತಿತು. ಸ್ಕಾಟ್ಲೆಂಡಿಗೂ ಫ್ರಾನ್ಸಿಗೂ 1295ರಲ್ಲೇ ಒಪ್ಪಂದವಾಗಿತ್ತು. ಆ ನಂಟಿನಲ್ಲಿ ಬಂದ ಪದಗಳು ಇನ್ನೂ ಇವೆ. ದೊಡ್ಡ ತಟ್ಟೆಗೆ ಆಶೆಟ್ ಅನ್ನುವುದು ಫ್ರೆಂಚಿನ ಆಸಿಯೆತ್‌ನಿಂದಲೇ. ಇಂಗ್ಲಿಷರು ಕಕ್ಕಸಿಗೆ ಲೂ ಅನ್ನುವುದೂ ಇಲ್ಲಿಂದಲೇ ಬಂತು ಅಂತ ಗೈಡ್ ಹೇಳಿದ. ಅದನ್ನು ನಂಬುವುದು ಕಷ್ಟ. ಆ ಅರ್ಥದ ಲೂ ಕಾಣುವುದು 20ನೇ ಶತಮಾನದಲ್ಲಿ. ಅಷ್ಟು ಹೊತ್ತಿಗೆ ಗಾರ್ಡಿಲೂ ಕೂಗು ನಿಂತು ಎಷ್ಟೋ ಕಾಲವಾಗಿತ್ತು.

ಆಮೇಲೆ ಗ್ಲಾಡ್‌ಸ್ಟನ್ಸ್ ಲ್ಯಾಂಡ್ ಅನ್ನುವ ಹಳೇ ಮನೆಗೆ ಹೋದೆವು. ಥಾಮಸ್ ಗ್ಲಾಡ್‌ಸ್ಟನ್ ಅನ್ನುವ ವ್ಯಾಪಾರಿ 1617ರಲ್ಲಿ ಕೊಂಡ ಕಟ್ಟಡ, ಆರು ಅಂತಸ್ತು. ಊರಿನ ಸುತ್ತ ಗೋಡೆ ಇದ್ದದ್ದರಿಂದ ಅಗಲಕ್ಕೆ ಜಾಗವಿಲ್ಲ, ಮನೆಗಳೆಲ್ಲ ಎತ್ತರಕ್ಕೆ ಬೆಳೆದವು. ಒಳಚರಂಡಿಯೂ ಇಲ್ಲ, ನಲ್ಲಿಯೂ ಇಲ್ಲ. ನೀರು ಹೊರುವವರು ಬೀದಿಯ ತೊಟ್ಟಿಯಿಂದ ಪುಟ್ಟ ಪೀಪಾಯಿ ಬೆನ್ನಿಗೆ ಕಟ್ಟಿಕೊಂಡು ಮೇಲೆ ಹತ್ತುತ್ತಿದ್ದರು. ಕಲ್ಲಿನ ಮೆಟ್ಟಿಲು ಹತ್ತುವಾಗ ಬರಿಗೈಯಲ್ಲಿದ್ದ ನನಗೇ ಉಸಿರು ಕಟ್ಟಿತು.

"ಚಿಕ್ಕಮ್ಮಾ, ತುಂಬಿದ ಪಾತ್ರೆ ಹಿಡ್ಕೊಂಡು ದಿನಾ ಯಾರು ಇಳೀತಾರೆ ಹೇಳಿ?" ಅಂದಳು ಹುಡುಗಿ. ನಿಜ ಅಲ್ವಾ? ಆ ಪಾತ್ರೆ ಬಹುಪಾಲು ಮನೆಗೆಲಸದ ಹೆಂಗಸರ ಕೈಯಲ್ಲೇ ಇರುತ್ತಿತ್ತು. ಇಡೀ ದಿನ ದುಡಿದು, ಕೊನೆಗೆ ಉಳಿದ ಹೊಲಸು ಕೆಲಸವನ್ನೂ ಅವರೇ ಮಾಡಬೇಕು. ಅಂಥ ಹೊತ್ತಿನಲ್ಲೂ ಕೆಳಗೆ ಯಾರಾದರೂ ಇದ್ದಾರು ಅಂತ ಕೂಗಿ ಎಚ್ಚರಿಸುತ್ತಿದ್ದರು. ಈ ಪದವನ್ನು ಸುಮ್ನೆ ನಗುವುದಕ್ಕೆ ಬಳಸುವುದು ನನಗೆ ಸರಿ ಅನ್ನಿಸಲಿಲ್ಲ. ಬೆಳಿಗ್ಗೆ ಬೀದಿ ಬಳಿಯುತ್ತಿದ್ದವರ ಬಗ್ಗೆ ಗೈಡ್ ಒಂದು ಮಾತೂ ಆಡಲಿಲ್ಲ. ನನಗೆ ಅವರ ಕಥೆಯೇ ಜಾಸ್ತಿ ಬೇಕಿತ್ತು.

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಇನ್ನೊಂದು ಸಂಗತಿ ಹೇಳಿದಳು. 1978ರಿಂದ 1998ರವರೆಗೆ ಎಡಿನ್‌ಬರೋದ ಚರಂಡಿ ಕೆಸರನ್ನು ಹಡಗಿನಲ್ಲಿ ತುಂಬಿ ಸಮುದ್ರಕ್ಕೆ ಸುರಿಯುತ್ತಿದ್ದರು. ಆ ಹಡಗಿಗೆ ಗಾರ್ಡಿಲೂ ಅಂತಲೇ ಹೆಸರಿಟ್ಟಿದ್ದರು. ಸಮುದ್ರಕ್ಕೆ ಸುರಿಯಬಾರದು ಅಂತ ಯುರೋಪಿನ ಕಾನೂನು ಬಂದ ಮೇಲೆ ಆ ಕೆಲಸವೂ ನಿಂತಿತು.