ಸಾಹೇಬರು ಹೇಳಿದ್ದನ್ನು ಮಾಡಿದ ಪೇದೆಯದೂ ತಪ್ಪೇ?

ಪೊಲೀಸ್ ಇಲಾಖೆಯಿಂದ ನಿವೃತ್ತನಾಗಿ ಧಾರವಾಡದಲ್ಲಿ ನೆಲೆಸಿದ ಮೇಲೆ ಮದುವೆ ಮನೆಯಲ್ಲಾಗಲಿ, ಸಂತೆಯಲ್ಲಾಗಲಿ ನನಗೆ ಎದುರಾಗುವ ಪ್ರಶ್ನೆ ಇದೊಂದೇ. ಕೇಳುವವರಲ್ಲಿ ಹೆಚ್ಚಿನವರಿಗೆ ಪೇದೆಯ ಮೇಲೆ ಮರುಕವಿರುತ್ತದೆ. ಆದರೂ ಅವನದೂ ತಪ್ಪೇ ಎಂಬುದು ನನ್ನ ಉತ್ತರ; ಹಾಗೆನ್ನಲು ನನ್ನದೇ ಕೈಬರಹ ಸಾಕ್ಷಿಯಾಗಿದೆ.

ಗದಗ ಜಿಲ್ಲೆಯ ಒಂದು ಠಾಣೆಯಲ್ಲಿ ನಾನು ಕಾಗದಪತ್ರ ಬರೆಯುವ ಪೇದೆ, ಅಂದರೆ ರೈಟರ್ ಆಗಿದ್ದಾಗ, ಕಳವಿನ ಸಂಶಯದ ಮೇಲೆ ಒಬ್ಬ ಹುಡುಗನನ್ನು ಸಂಜೆ ಏಳಕ್ಕೆ ಕರೆತಂದರು. ಮರುದಿನ ಮಧ್ಯಾಹ್ನ ಒಂದಕ್ಕೆ ದಸ್ತಗಿರಿ ಪತ್ರ ಬರೆಯಲು ಕುಳಿತಾಗ "ಈಗಿನ ವೇಳೆ ಹಾಕು" ಎಂದು ಅಧಿಕಾರಿ ಹೇಳಿದರು, ನಾನು ಹಾಕಿದೆ. ರೊಟ್ಟಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ರಾತ್ರಿಯಿಡೀ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದ ಅವನ ತಾಯಿಯನ್ನು ಸಾಕ್ಷಿಗೆಂದು ಒಳಗೆ ಕರೆದು, ಬರೆದದ್ದನ್ನು ಓದಿ ಹೇಳಿದೆ. "ನಿನ್ನಿ ಸಂಜಿಲಿಂದ ಒಳಗ ಅದಾನಲ್ರೀ ಸಾಹೇಬ್ರ" ಎಂದಳು. ನಾನು ಮಾತಾಡದೆ ಅವಳ ಹೆಬ್ಬೆರಳನ್ನು ಹಿಡಿದು ಮಸಿಗೆ ಅದ್ದಿ ಒತ್ತಿಸಿದೆ.

ಸಂವಿಧಾನದ 22ನೇ ವಿಧಿಯಂತೆ ಬಂಧಿತನನ್ನು, ಪ್ರಯಾಣದ ಸಮಯ ಬಿಟ್ಟು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಆ ಲೆಕ್ಕ ಶುರುವಾಗಬೇಕಾದದ್ದು ಹಿಡಿದ ವೇಳೆಯಿಂದ; ಆದರೆ ಕಾಗದದ ಮೇಲೆ ಶುರುವಾಗುವುದು ರೈಟರ್ ಬರೆಯುವ ವೇಳೆಯಿಂದ. ಕಾಗದದಲ್ಲಿಲ್ಲದ ಆ ಹದಿನೆಂಟು ತಾಸುಗಳಲ್ಲಿ ಹುಡುಗನಿಗೆ ಏಟು ಬಿದ್ದಿದ್ದರೆ, ಅವನು ಠಾಣೆಯಲ್ಲಿದ್ದನೆಂಬುದಕ್ಕೇ ದಾಖಲೆಯಿಲ್ಲ. ದಸ್ತಗಿರಿ ಪತ್ರದಲ್ಲಿ ದಿನಾಂಕ ಮತ್ತು ವೇಳೆ, ಮನೆಯವರ ಇಲ್ಲವೇ ಊರಿನ ಗಣ್ಯರೊಬ್ಬರ ಸಾಕ್ಷಿ, ಬಂಧಿತನ ಸಹಿ ಇರಲೇಬೇಕೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ವಿಧಿಸಿದ್ದು ಇದಕ್ಕಾಗಿಯೇ. ಈ ಸೂಚನೆಗಳ ಫಲಕ ನನ್ನ ಮೇಜಿನ ಎದುರಿನ ಗೋಡೆಯ ಮೇಲೇ ಇತ್ತು.

ಮೇಲಿನವರ ಆಜ್ಞೆಯೇ ರಕ್ಷಣೆ ಎಂದು ನಂಬಿದವರು ಇಲಾಖೆಯಲ್ಲಿ ಬಹಳ ಮಂದಿ ಇದ್ದಾರೆ. ದಂಡ ಸಂಹಿತೆಯ 76ನೇ ಕಲಮು, ಅಂದರೆ ಈಗಿನ ನ್ಯಾಯ ಸಂಹಿತೆಯ 14ನೇ ಕಲಮು, ಕಾನೂನಿಗೆ ಕಟ್ಟುಬಿದ್ದು ಮಾಡಿದವನನ್ನು ಕಾಯುತ್ತದೆಯೇ ಹೊರತು ಸಾಹೇಬರಿಗೆ ಕಟ್ಟುಬಿದ್ದವನನ್ನಲ್ಲ.

ಒಪ್ಪದವನಿಗೆ ಕಷ್ಟ ತಪ್ಪದು, ಅದನ್ನು ನಾನು ಮುಚ್ಚಿಡುವುದಿಲ್ಲ. ಕೆಲವು ವರ್ಷಗಳ ನಂತರ ಬೇರೊಂದು ಠಾಣೆಯಲ್ಲಿ ಅದೇ ಮಾತು ಬಂದಾಗ, ಆ ವೇಳೆಯನ್ನು ತಾವೇ ಬರೆದು ಸಹಿ ಹಾಕಬೇಕೆಂದು ಪೆನ್ನನ್ನು ಅಧಿಕಾರಿಯ ಮುಂದಿಟ್ಟೆ. ಅವರು ಬರೆಯಲಿಲ್ಲ, ಹಿಡಿದು ತಂದ ವೇಳೆಯೇ ಪತ್ರದಲ್ಲಿ ಉಳಿಯಿತು. ಮರುವಾರ ರೈಟರ್ ಕೆಲಸದಿಂದ ತೆಗೆದು ನನಗೆ ರಾತ್ರಿ ಬೀಟ್ ಹಾಕಿದರು.