ಎರಡೂವರೆ ಅಡಿಯ ತೂತು

ದಾವಣಗೆರೆಯ ಒಂದು ಲೇತ್ ವರ್ಕ್‌ಶಾಪ್‌ನಲ್ಲಿ ಕೆಲಸ ಕಲಿಯುತ್ತಿದ್ದೆ. ಎರಡೂವರೆ ಅಡಿ ಉದ್ದದ ಶಾಫ್ಟ್‌ಗೆ ಈ ತುದಿಯಿಂದ ಆ ತುದಿಯವರೆಗೆ ತೂತು ಹಾಕಬೇಕಿತ್ತು. ಅರ್ಧ ಈ ಕಡೆಯಿಂದ ಕೊರೆದೆ. ತಿರುಗಿಸಿ ಕಟ್ಟಿ, ಉಳಿದರ್ಧ ಆ ಕಡೆಯಿಂದ. ಟಾರ್ಚ್ ಹಿಡಿದು ನೋಡಿದರೆ ನಡುವೆ ಎರಡೂ ತೂತು ನೇರಕ್ಕೆ ಕೂಡಿರಲಿಲ್ಲ. ಬೆಳಕು ಬಿದಿಗೆ ಚಂದ್ರನಂತೆ ಸಣ್ಣಗೆ ಕಂಡಿತು. ಶಾಫ್ಟ್ ಗುಜರಿಗೆ ಹೋಯಿತು. ಆ ರಾತ್ರಿ ಊಟ ಸೇರಲಿಲ್ಲ.

ಭಾನುವಾರ ಹರಿಹರಕ್ಕೆ, ದೊಡ್ಡಪ್ಪನ ಮನೆಗೆ ಹೋದೆ. ಅವರು ಕಾನ್ಪುರದ ಫೀಲ್ಡ್ ಗನ್ ಫ್ಯಾಕ್ಟರಿಯಲ್ಲಿ ದುಡಿದು ನಿವೃತ್ತರಾದವರು. ಫಿರಂಗಿಯ ನಳಿಕೆ ಮಾಡುವ ಜಾಗ ಅದು. ನಡೆದದ್ದನ್ನೆಲ್ಲ ಹೇಳಿದೆ.

"ಬೇಜಾರ್ ಮಾಡ್ಕೋಬ್ಯಾಡ ತಮ್ಮಾ. ತೂತು ಉದ್ದ ಆದಷ್ಟೂ ಡ್ರಿಲ್ ದಾರಿ ತಪ್ಪತೈತಿ. ಧನುಷ್ ಅನ್ನೋ ಫಿರಂಗಿ ನಳಿಕೆ ಸುಮಾರು 7 ಮೀಟರ್ ಐತಿ, ತೂತು 155 ಮಿಲಿಮೀಟರ್. ಅಲ್ಲಿ ಹಿಂಗಾದ್ರೆ ಏನ್ ಗತಿ?" ಎಂದರು.

ನಳಿಕೆ ಹೇಗೆ ಮಾಡುತ್ತಾರೆಂದು ವಿವರಿಸಿದರು. ನಿಕ್ಕಲ್, ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಉಕ್ಕನ್ನು ಕೆಂಪಗೆ ಕಾಯಿಸಿ, ಬಡಿದು ಉದ್ದ ಮಾಡುತ್ತಾರೆ. ಹದ ಕೊಡುತ್ತಾರೆ. ಆಮೇಲೆ ಕೊರೆಯುವ ಕೆಲಸ. ನಮ್ಮ ಲೇತ್‌ನ ಹಾಗೇ ಜಾಬ್, ಅಂದರೆ ಕೊರೆಯುವ ತುಂಡು, ತಿರುಗುತ್ತದೆ. ಆದರೆ ಟೂಲ್ ತಲೆಯ ಸುತ್ತ ಗೈಡ್ ಪ್ಯಾಡ್‌ಗಳಿರುತ್ತವೆ. ಆಗಷ್ಟೇ ಕೊರೆದ ಗೋಡೆಗೆ ಆನಿಕೊಂಡೇ ಅವು ಮುಂದೆ ಸಾಗುತ್ತವೆ. ಪಂಪಿನಿಂದ ಎಣ್ಣೆ ರಭಸವಾಗಿ ನುಗ್ಗಿ ಚಿಪ್ಸನ್ನು, ಅಂದರೆ ಕೊರೆದ ಲೋಹದ ಚೂರುಗಳನ್ನು, ಹೊರಗೆ ತಳ್ಳುತ್ತದೆ. ನನ್ನ ಡ್ರಿಲ್‌ಗೆ ಚಿಪ್ಸ್ ತುಂಬಿ ಬಿಗಿದಿತ್ತು, ನಾನು ಸುಮ್ನೆ ಒತ್ತುತ್ತಲೇ ಇದ್ದೆ.

ನನಗೆ ಜಾಸ್ತಿ ಹಿಡಿಸಿದ್ದು ಆಟೋಫ್ರೆಟೇಜ್ ಅನ್ನುವ ಕೆಲಸ. ಕೊರೆದ ನಳಿಕೆಯೊಳಗೆ, ತೂತಿಗಿಂತ ಸ್ವಲ್ಪ ದಪ್ಪನೆಯ ಮ್ಯಾಂಡ್ರೆಲ್ ಅನ್ನುವ ಗಟ್ಟಿ ದಿಂಡೊಂದನ್ನು ಬಲವಾಗಿ ತಳ್ಳುತ್ತಾರೆ. ಇಲ್ಲವೇ ಒಳಗೆ ದ್ರವ ತುಂಬಿ ಭಾರಿ ಒತ್ತಡ ಕೊಡುತ್ತಾರೆ. ಒಳಪದರ ಹಿಗ್ಗಿ ಹಾಗೇ ಉಳಿದುಬಿಡುತ್ತದೆ. ಹೊರಪದರ ಮಾತ್ರ ಮೊದಲಿನ ಅಳತೆಗೆ ಮರಳಲು ನೋಡುತ್ತಾ, ಒಳಪದರವನ್ನು ಸದಾ ಅದುಮಿ ಹಿಡಿದಿರುತ್ತದೆ. ಗುಂಡು ಹಾರುವಾಗಿನ ಒತ್ತಡ ಮೊದಲು ಆ ಹಿಡಿತವನ್ನು ಸಡಿಲಿಸಬೇಕು. ಆಮೇಲಷ್ಟೇ ಒಳಪದರಕ್ಕೆ ಎಳೆತ ಬೀಳೋದು. ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಕಾಯಿಸಿ ಹಾಕುತ್ತಾರಲ್ವಾ? ಆರಿದ ಮೇಲೆ ಅದು ಮರವನ್ನು ಬಿಗಿಯಾಗಿ ಹಿಡಿಯುತ್ತದೆ. ಹಿಂದೆ ಫಿರಂಗಿಗಳಿಗೂ ಹೀಗೇ ಬಳೆ ತೊಡಿಸುತ್ತಿದ್ದರಂತೆ. ಈಗ ಬೇರೆ ಬಳೆ ಬೇಕಿಲ್ಲ, ನಳಿಕೆಯ ಹೊರಮೈಯೇ ಬಳೆಯ ಕೆಲಸ ಮಾಡುತ್ತದೆ.

ಕೊನೆಗೆ ಒಳಗೋಡೆಯಲ್ಲಿ ಸುರುಳಿ ಗೆರೆ ಕೊರೆಯುತ್ತಾರೆ. ಗುಂಡು ಬುಗುರಿಯಂತೆ ತಿರುಗುತ್ತಾ ನೆಟ್ಟಗೆ ಹಾರುವುದು ಅದರಿಂದಲೇ.

ಸೋಮವಾರ ಹೊಸ ಶಾಫ್ಟ್ ಕಟ್ಟಿದೆ. ಅರ್ಧ ಇಂಚು ಕೊರೆದು ಡ್ರಿಲ್ ಹೊರಗೆ ತೆಗೆಯೋದು, ಬ್ರಷ್‌ನಿಂದ ಒರೆಸೋದು, ಎಣ್ಣೆ ಹಾಕೋದು, ಮತ್ತೆ ಕೊರೆಯೋದು. ಸಂಜೆಯಾದರೂ ಅರ್ಧ ಮುಗಿದಿರಲಿಲ್ಲ. ಮೇಸ್ತ್ರಿ ಬಂದು ಸ್ವಲ್ಪ ಹೊತ್ತು ನೋಡಿದರು. ಏನೂ ಅನ್ನದೆ, ನನ್ನ ಎಣ್ಣೆ ಡಬ್ಬಿ ತುಂಬಿಸಿಟ್ಟು ಹೋದರು.