ದಾವಣಗೆರೆಗೆ ಚೆಸ್ ಟೂರ್ನಿಗೆ ಹೋಗ್ತೀರಾ? ಹಿಂದಿನ ದಿನವೇ ತಲುಪಿ

ನಾವು ಹಾಲ್ ಬಾಗಿಲಿಗೆ ಬಂದಾಗ ಗಂಟೆ 10.40. ಮೊದಲ ರೌಂಡ್ ಇದ್ದಿದ್ದು 10ಕ್ಕೆ. ಮಗಳ ಎದುರಾಳಿ ಆಗಲೇ ಸ್ಕೋರ್‌ಶೀಟಿಗೆ ಸಹಿ ಹಾಕಿ ಎದ್ದು ಹೋಗಿದ್ದರು. ಕಾಯಿಗಳು ಜೋಡಿಸಿಟ್ಟ ಹಾಗೇ ಇದ್ದವು. ಅರ್ಧ ಗಂಟೆ ಕಾಯುತ್ತಾರೆ, ಆಮೇಲೆ ವಾಕ್‌ಓವರ್ ಎಂದು ಪ್ರಾಸ್ಪೆಕ್ಟಸ್‌ನಲ್ಲೇ ಬರೆದಿತ್ತು. ಹತ್ತು ನಿಮಿಷ ತಡವಾಗಿ ನಮ್ಮ ಆಟ ಹೋಯಿತು. ಮಗಳು ಅಳಲಿಲ್ಲ. ಖಾಲಿ ಕುರ್ಚಿಯನ್ನೇ ನೋಡುತ್ತಾ ನಿಂತಳು. ಅದನ್ನು ನೋಡಿ ನನಗೇ ಅಳು ಬಂತು.

ನಾವು ಸಾಗರದವರು. ಮಗಳಿಗೆ 11 ವರ್ಷ. ಇದು ಅವಳ ಮೊದಲ ಅಂತರರಾಷ್ಟ್ರೀಯ ರೇಟಿಂಗ್ ಟೂರ್ನಿ. ರೇಟಿಂಗ್ ಅಂದರೆ ಆಟಗಾರರ ಮಟ್ಟ ತೋರಿಸುವ ಅಂಕಿ. ಐದು ದಿನ, ಒಂಬತ್ತು ರೌಂಡ್. ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟು, ಏಳರೊಳಗೆ ಶಿವಮೊಗ್ಗದಲ್ಲಿದ್ದೆವು. ಅಲ್ಲಿ ಒಂದು ಖಾಸಗಿ ಬಸ್ಸಿನವರು "ದಾವಣಗೆರೆ ಡೈರೆಕ್ಟ್, ಎರಡು ತಾಸು" ಎಂದು ಕರೆದರು. ನಾನು ನಂಬಿ ಹತ್ತಿದೆ. ಬಸ್ಸು ತುಂಬುವವರೆಗೆ ಅಲ್ಲೇ ಅರ್ಧ ಗಂಟೆ ನಿಂತಿತು. ಹೊನ್ನಾಳಿಯಲ್ಲಿ ಡ್ರೈವರ್ ತಿಂಡಿಗೆ ಇಳಿದರು. ಮಲೇಬೆನ್ನೂರಿನಲ್ಲಿ ಮೇಲಕ್ಕೆ ಚೀಲಗಳನ್ನು ಹಾಕಿಕೊಂಡರು. ಹರಿಹರದಲ್ಲಿ ಮತ್ತೆ ಕಾಲು ಗಂಟೆ. ಕೈ ಅಡ್ಡ ಹಾಕಿದ ಕಡೆಯೆಲ್ಲ ನಿಂತಿತು. "ಮಗುವಿಗೆ ಪಂದ್ಯ ಇದೆ ಅಣ್ಣಾ" ಎಂದು ಮೂರು ಸಲ ಕೇಳಿಕೊಂಡೆ. "ಬಂತು ಬಂತು" ಅನ್ನೋದೇ ಉತ್ತರ.

ವಾಕ್‌ಓವರ್ ಆದರೆ ಒಂದು ಪಾಯಿಂಟ್ ಹೋಗುತ್ತೆ, ಅಷ್ಟೇ ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲ. ಇದು ಹೊಸ ಪೋಷಕರಿಗೆ ಗೊತ್ತಿರಲೇಬೇಕು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಇಂಥ ಟೂರ್ನಿಗಳು ಸ್ವಿಸ್ ಪದ್ಧತಿಯಲ್ಲಿ ನಡೆಯುತ್ತವೆ. ಸೋತರೂ ಯಾರೂ ಹೊರಗೆ ಹೋಗಲ್ಲ. ಪ್ರತಿ ರೌಂಡಿನಲ್ಲೂ ಆದಷ್ಟು ಸಮ ಅಂಕ ಇದ್ದವರನ್ನು ಎದುರುಬದುರು ಕೂರಿಸುತ್ತಾರೆ. ಮೊದಲ ರೌಂಡಿನಲ್ಲಿ ಮಾತ್ರ ಎಲ್ಲರದೂ ಸೊನ್ನೆ. ಆಗ ರೇಟಿಂಗ್ ಪ್ರಕಾರ ಮಾಡಿದ ಪಟ್ಟಿಯ ಮೇಲಿನ ಅರ್ಧದವರನ್ನು ಕೆಳಗಿನ ಅರ್ಧದವರ ಜೊತೆ ಆಡಿಸುತ್ತಾರೆ. ಅಂದರೆ ರೇಟಿಂಗ್ ಇಲ್ಲದ ಮಗುವಿಗೆ ಒಳ್ಳೆ ರೇಟಿಂಗ್ ಇರುವವರು ಸಿಗುವುದು ಹೆಚ್ಚಾಗಿ ಆ ರೌಂಡಿನಲ್ಲೇ. ನಮಗೆ ಸಿಕ್ಕಿದ್ದವರದು 1600ಕ್ಕೂ ಮೇಲೆ. ಫಿಡೆ, ಅಂದರೆ ವಿಶ್ವ ಚೆಸ್ ಸಂಸ್ಥೆಯ ರೇಟಿಂಗ್ ಸಿಗಬೇಕಾದರೆ ರೇಟಿಂಗ್ ಇರುವ ಕನಿಷ್ಠ ಐದು ಜನರ ಜೊತೆ ಆಡಿರಬೇಕು. ಆಡದೇ ಬಿಟ್ಟ ಆಟ ಆ ಲೆಕ್ಕಕ್ಕೆ ಬರಲ್ಲ. ಸೊನ್ನೆ ಅಂಕದಲ್ಲಿ ಕೆಳಗೆ ಬಿದ್ದರೆ ಮುಂದಿನ ರೌಂಡಿನಲ್ಲಿ ಸಿಗುವವರೂ ನಮ್ಮ ಹಾಗೆ ರೇಟಿಂಗ್ ಇಲ್ಲದ ಮಕ್ಕಳೇ ಜಾಸ್ತಿ. ಅವರನ್ನು ಗೆದ್ದರೆ ಅಂಕ ಬರುತ್ತೆ, ರೇಟಿಂಗಿಗೆ ಏನೂ ಸೇರಲ್ಲ.

ಹಾಗೇನಾದರೂ ತಡವಾಗಿ ತಲುಪಿದರೆ ಸುಮ್ನೆ ವಾಪಸ್ ಹೋಗಬೇಡಿ. ನೇರ ಆರ್ಬಿಟರ್ (ಪಂದ್ಯದ ತೀರ್ಪುಗಾರರು) ಹತ್ತಿರ ಹೋಗಿ, ಮುಂದಿನ ರೌಂಡ್ ಆಡುತ್ತೇವೆ ಎಂದು ಹೇಳಿ. ಇಲ್ಲದಿದ್ದರೆ ಬಂದೇ ಇಲ್ಲ ಎಂದುಕೊಂಡು ಪೇರಿಂಗ್‌ನಿಂದ (ಯಾರಿಗೆ ಯಾರು ಎದುರಾಳಿ ಎಂಬ ಪಟ್ಟಿ) ಹೆಸರು ತೆಗೆಯುವ ಸಾಧ್ಯತೆ ಇದೆ. ನಮ್ಮ ಆರ್ಬಿಟರ್ ಒಬ್ಬ ಹೆಂಗಸು. ಮಗಳಿಗೆ ನೀರು ಕೊಟ್ಟು, "ಮಧ್ಯಾಹ್ನ ಚೆನ್ನಾಗಿ ಆಡು ಪುಟ್ಟಿ" ಅಂದರು. ಮಧ್ಯಾಹ್ನ ಅವಳು ಗೆದ್ದಳು.

ರೂಮಿನದು ಇನ್ನೊಂದು ಕಥೆ. ಫೋನಿನಲ್ಲಿ ದಿನಕ್ಕೆ 1,200 ಅಂದಿದ್ದರು. ಸಂಜೆ ಬ್ಯಾಗ್ ಹೊತ್ತು ಹೋದರೆ 1,900. "ಚೆಸ್ ಟೂರ್ನಿ ಇದೆಯಲ್ಲ ಮೇಡಂ, ಎಲ್ಲಾ ಕಡೆ ಫುಲ್" ಅಂದರು. ಸುಸ್ತಾದ ಮಗುವನ್ನು ಕರೆದುಕೊಂಡು ಇನ್ನೆಲ್ಲಿ ಹುಡುಕಲಿ? ಕೊಟ್ಟೆ. ಬಿಸಿನೀರು ಬೆಳಿಗ್ಗೆ ಒಂದೇ ಗಂಟೆ. ಕಿಟಕಿ ಪಿ.ಬಿ. ರಸ್ತೆ ಕಡೆಗಿತ್ತು, ಲಾರಿಗಳ ಸದ್ದು ರಾತ್ರಿಯಿಡೀ. ಪಕ್ಕದ ರೂಮಿನ ಚಿಂತಾಮಣಿಯವರು ವಾಟ್ಸಾಪ್‌ನಲ್ಲಿ ಬರಹದಲ್ಲಿ ರೇಟ್ ತರಿಸಿಕೊಂಡು, ಒಂದು ದಿನದ ಅಡ್ವಾನ್ಸ್ ಕಳಿಸಿದ್ದರಂತೆ. ಅವರಿಂದ ಜಾಸ್ತಿ ಕೇಳಲಿಲ್ಲ. ನೀವೂ ಹಾಗೇ ಮಾಡಿ. ಒಳಗಿನ ಕಡೆಯ ರೂಮನ್ನೇ ಕೇಳಿ.

ಈಗ ಊಟದ ವಿಷಯ. ಒಂದು ಆಟ ಪೂರ್ತಿ ಎಳೆದರೆ ನಾಲ್ಕು ಗಂಟೆ ಹಿಡಿಯುತ್ತೆ. ಒಬ್ಬೊಬ್ಬರಿಗೆ 90 ನಿಮಿಷ, ಜೊತೆಗೆ ಪ್ರತಿ ನಡೆಗೆ 30 ಸೆಕೆಂಡ್. ಎರಡನೇ ದಿನದಿಂದ 9.30ಕ್ಕೆ ಕೂತವರು 1.30ಕ್ಕೆ ಎದ್ದರೆ, 2.30ಕ್ಕೆ ಮತ್ತೆ ಕೂರಬೇಕು. ಆ ಒಂದು ಗಂಟೆಯಲ್ಲಿ ಹಾಲ್ ಸುತ್ತಮುತ್ತಲಿನ ಹೋಟೆಲ್‌ಗಳಿಗೆಲ್ಲ ಮಕ್ಕಳು, ಅಪ್ಪ ಅಮ್ಮಂದಿರು ಒಟ್ಟಿಗೆ ನುಗ್ಗುತ್ತಾರೆ. ನನಗೆ ಆ ನೂಕುನುಗ್ಗಲು ಆಗಲ್ಲ. ಆಟೋದವರೊಬ್ಬರು ಮಂಡಿಪೇಟೆ ಕಡೆಯ ಒಂದು ಸಂದಿಗೆ ಕರೆದುಕೊಂಡು ಹೋದರು. ಅಲ್ಲಿ ಬೋರ್ಡೇ ಇಲ್ಲದ ಒಂದು ಖಾನಾವಳಿ. ನಾಲ್ಕೇ ಟೇಬಲ್.

ಒಳಗೆ ಕಾಲಿಡುತ್ತಿದ್ದ ಹಾಗೆ "ಬರ್ರಿ ಅಕ್ಕಾ, ಕೂಡ್ರಿ" ಅಂದರು. ರೊಟ್ಟಿ ಬಡಿಯುವ ಸದ್ದು ಒಳಗಿಂದ ಕೇಳುತ್ತಲೇ ಇತ್ತು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಕೆಕಾಳು ಪಲ್ಯ, ಶೇಂಗಾ ಚಟ್ನಿಪುಡಿ, ಮೇಲೊಂದು ಚಮಚ ಗಟ್ಟಿ ಮೊಸರು, ಹಸಿ ಈರುಳ್ಳಿ. ಆಮೇಲೆ ಅನ್ನ, ಸಾರು, ಮಜ್ಜಿಗೆ. ಇದೆಲ್ಲ 80 ರೂಪಾಯಿ. ಮಗಳಿಗೆ ಖಾರ ಆಗುತ್ತೆ ಅಂದಿದ್ದಕ್ಕೆ, ಅವಳಿಗೆ ಬೇರೆಯಾಗಿ ತುಪ್ಪ, ಬೆಲ್ಲ ಹಚ್ಚಿ ರೊಟ್ಟಿ ಸುತ್ತಿ ಕೊಟ್ಟರು. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಮರುದಿನ ನಾವು ಹೋಗುವಷ್ಟರಲ್ಲಿ ಅವಳ ರೊಟ್ಟಿ ರೆಡಿ ಇತ್ತು. "ಇವತ್ತು ಗೆದ್ಯೇನವ್ವಾ?" ಎಂದು ಮೊದಲು ಅದನ್ನೇ ಕೇಳಿದರು. ಕೊನೆಯ ದಿನ ದಾರಿಗೆ ಅಂತ ನಾಲ್ಕು ಕಟಕ ರೊಟ್ಟಿ ಕಟ್ಟಿಕೊಟ್ಟರು. ಕೂತು ತಿಂದು ಎದ್ದು ಬರಲು 25 ನಿಮಿಷ ಸಾಕು. ಮಗಳು ಮಧ್ಯಾಹ್ನದ ಆಟಕ್ಕೆ ಹೊಟ್ಟೆ ಭಾರ ಇಲ್ಲದೆ ಕೂರುತ್ತಿದ್ದಳು.

ಬೆಣ್ಣೆ ದೋಸೆ ತಿನ್ನಿ, ಅದನ್ನು ಬಿಟ್ಟು ಬರಬೇಡಿ. ಆದರೆ ರೌಂಡ್ ಮುಗಿದ ಮೇಲೆ. ಬೆಳಿಗ್ಗೆ ಆಟಕ್ಕೆ ಮುಂಚೆ ಎರಡು ದೋಸೆ ತಿಂದ ದಿನವೇ ಅವಳು ಹನ್ನೆರಡನೇ ನಡೆಯಲ್ಲಿ ಕುದುರೆ ಬಿಟ್ಟುಕೊಟ್ಟಿದ್ದು. ಸಂಜೆಗೆ ಖಾರಾ ಮಂಡಕ್ಕಿ, ಮಿರ್ಚಿ ಇದ್ದೇ ಇದೆ.

ಹಾಲ್ ಹೊರಗೆ ಪೋಷಕರಿಗೆ ಶಾಮಿಯಾನ ಇತ್ತು, ಕುರ್ಚಿ ಸಾಲದಾಗಿತ್ತು. ಮೇ ತಿಂಗಳ ದಾವಣಗೆರೆ ಬಿಸಿಲು ನಮ್ಮ ಮಲೆನಾಡಿನವರಿಗೆ ತಡೆಯುವಂಥದ್ದಲ್ಲ. ಒಂದು ಮಡಚುವ ಸ್ಟೂಲ್, ಎರಡು ಲೀಟರ್ ನೀರು ತನ್ನಿ. ಮಕ್ಕಳ ಹತ್ತಿರ ಫೋನ್ ಇರಲೇಬಾರದು. ಸ್ವಿಚ್ ಆಫ್ ಮಾಡಿ ಜೇಬಿನಲ್ಲಿಟ್ಟರೂ ಆಟ ಹೋಗಬಹುದು. ಪೇರಿಂಗ್ ನೋಡಲು ನೋಟಿಸ್ ಬೋರ್ಡಿನ ಮುಂದೆ ತಳ್ಳಾಡಬೇಡಿ. ಚೆಸ್ ರಿಸಲ್ಟ್ಸ್ ವೆಬ್‌ಸೈಟಿನಲ್ಲಿ ಅಷ್ಟೇ ಬೇಗ ಬರುತ್ತೆ.

ಕಾಯುವಾಗ ಎಲ್ಲರ ಬಾಯಲ್ಲೂ ಗುಕೇಶ್. 2024ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ಡಿಂಗ್ ಲಿರೆನ್ ಅವರನ್ನು 7.5–6.5ರಿಂದ ಸೋಲಿಸಿ, 18 ವರ್ಷಕ್ಕೇ ವಿಶ್ವ ಚಾಂಪಿಯನ್ ಆದ ಹುಡುಗ. ನನಗೆ ಮಾತ್ರ ನಮ್ಮ ಮೈಸೂರಿನ ತೇಜ್‌ಕುಮಾರ್ ನೆನಪಾಗುತ್ತಿದ್ದರು. ರೈಲ್ವೆಯಲ್ಲಿ ಕೆಲಸ ಮಾಡುತ್ತಲೇ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದವರು. ಮಗಳಿಗೆ ಅವರ ಕಥೆಯನ್ನೇ ಹೇಳಿದೆ.

ಫಲಿತಾಂಶ ಹೇಳುತ್ತೇನೆ. ಮೊದಲ ಸ್ಥಾನಕ್ಕೆ ಇಬ್ಬರು ತಲಾ 8 ಅಂಕ. ಟೈಬ್ರೇಕ್‌ನಲ್ಲಿ (ಅಂಕ ಸಮ ಆದಾಗ ಸ್ಥಾನ ನಿರ್ಧರಿಸುವ ಲೆಕ್ಕ) ತಮಿಳುನಾಡಿನ ಹುಡುಗನಿಗೆ ಕಪ್ ಹೋಯಿತು. ಮಗಳಿಗೆ ಒಂಬತ್ತರಲ್ಲಿ ನಾಲ್ಕೂವರೆ. ಅವಳ ವಯಸ್ಸಿನ ಹುಡುಗಿಯರ ಕೊನೆಯ ಬಹುಮಾನಕ್ಕೆ ಇನ್ನೊಬ್ಬ ಹುಡುಗಿಯದೂ ಅಷ್ಟೇ ಅಂಕ. ಅಲ್ಲೂ ಟೈಬ್ರೇಕ್, ಬುಕೋಲ್ಜ್ ಲೆಕ್ಕದಲ್ಲಿ. ಬುಕೋಲ್ಜ್ ಅಂದರೆ ನಮ್ಮ ಎದುರಾಳಿಗಳು ಗಳಿಸಿದ ಅಂಕಗಳನ್ನು ಕೂಡಿಸಿ ನೋಡುವುದು. ಕೆಳಗಿನ ಬೋರ್ಡುಗಳಲ್ಲೇ ಆಡಿಕೊಂಡು ಬಂದ ನಮ್ಮದು ಕಡಿಮೆ ಇತ್ತು. ಆ ಹುಡುಗಿ ಕಪ್ ತೆಗೆದುಕೊಂಡಳು, ಚೆನ್ನಾಗಿ ಆಡಿದ್ದಳು ಕೂಡ.

ರೇಟಿಂಗ್ ಇರುವ ಎಷ್ಟು ಜನ ಸಿಕ್ಕರು ಅಂತ ರಾತ್ರಿ ಕೂತು ಎಣಿಸಿದೆ. ನಾಲ್ಕು. ಬೇಕಾಗಿದ್ದು ಐದು. ಆ ನಾಲ್ಕರಲ್ಲಿ ಒಂದು ಗೆಲುವು, ಒಂದು ಡ್ರಾ. ಗೆಲುವು ಬಂದಿದ್ದು ಕೊನೆಯ ರೌಂಡಿನಲ್ಲಿ, ಆನೆ ಮತ್ತು ಎರಡು ಕಾಲಾಳುಗಳ ಆಟವನ್ನು 71 ನಡೆ ಎಳೆದು. ಈ ನಾಲ್ಕು ಆಟ ಹಾಳಾಗಲ್ಲ. 26 ತಿಂಗಳ ಒಳಗೆ ಇನ್ನೊಂದು ಟೂರ್ನಿಯ ಆಟದ ಜೊತೆ ಸೇರಿಸುತ್ತಾರೆ. ಆದರೆ 2024ರ ಮಾರ್ಚ್‌ನಿಂದ ರೇಟಿಂಗ್ 1400ಕ್ಕಿಂತ ಕಡಿಮೆ ಬಂದರೆ ಫಿಡೆ ಪಟ್ಟಿಯಲ್ಲಿ ಹೆಸರೇ ಬರಲ್ಲ. ಹಾಗಾಗಿ ಮುಂದಿನ ಆಟವೂ ಮುಖ್ಯ.

ಬೆಂಗಳೂರು, ಹುಬ್ಬಳ್ಳಿ ಕಡೆಯವರಿಗೆ ರೈಲಿದೆ, ಆರಾಮಾಗಿ ಬನ್ನಿ. ಆದರೂ ಅದೇ ದಿನ ಬೆಳಿಗ್ಗೆ ಇಳಿಯುವ ಪ್ಲಾನ್ ಬೇಡ. ನಮ್ಮ ಕಡೆಯವರು ಹಿಂದಿನ ಸಂಜೆಯೇ ಬಂದು ಮಲಗಿ. ಬೆಳಿಗ್ಗೆ ಬೇಗ ಎದ್ದರೆ ಕುಂದುವಾಡ ಕೆರೆ ಏರಿ ಮೇಲೆ ಒಂದು ಸುತ್ತು ಹಾಕಬಹುದು, ತಂಪಾಗಿರುತ್ತೆ. ಪಕ್ಕದ ಗಾಜಿನ ಮನೆಗೆ ಭಾನುವಾರ ಸಂಜೆ ಹೋಗಬೇಡಿ, ಕಾಲಿಡಲು ಜಾಗ ಇರಲ್ಲ.

ವಾಪಸ್ ಬರುವಾಗ ಚನ್ನಗಿರಿ ಮೇಲೆ ಹೋಗುವ ಸರ್ಕಾರಿ ಬಸ್ ಹಿಡಿದೆವು. ಎಲ್ಲೂ ಸುಮ್ನೆ ನಿಲ್ಲಲಿಲ್ಲ. ಮಗಳು ಕೊನೆಯ ಆಟದ ಸ್ಕೋರ್‌ಶೀಟ್ ತೊಡೆ ಮೇಲೆ ಹರಡಿಕೊಂಡು, ಕಟಕ ರೊಟ್ಟಿ ಮುರಿಯುತ್ತಾ, "ಅಮ್ಮಾ, ಇಲ್ಲಿ ಅವರು ಆನೆ ಈ ಕಡೆ ತಂದಿದ್ದರೆ ಡ್ರಾ ಆಗ್ತಿತ್ತು" ಎಂದು ತೋರಿಸುತ್ತಿದ್ದಳು. ಸಂತೇಬೆನ್ನೂರು ದಾಟುವಷ್ಟರಲ್ಲಿ ಅದೇ ಹಾಳೆಯ ಮೇಲೆ ತಲೆ ಇಟ್ಟು ಮಲಗಿದ್ದಳು.